ಹೊಸ್ತಿಲು ದಾಟುವ ವಿಷ

ಕೆಲಸದ ಜಾಗದಲ್ಲಿ ತಗಲುವ ವಿಷವನ್ನು ಔದ್ಯೋಗಿಕ ಕಾಯಿಲೆಗಳ ಲೆಕ್ಕಕ್ಕೂ ಮನೆಯಲ್ಲಿ ತಗಲುವ ವಿಷವನ್ನು ಆಕಸ್ಮಿಕಗಳ ಲೆಕ್ಕಕ್ಕೂ ಬರೆದಿಟ್ಟು, ಎರಡನ್ನೂ ಸಂಬಂಧವೇ ಇಲ್ಲದ ಸಂಗತಿಗಳೆಂದು ನೋಡುವ ರೂಢಿ ಕಾನೂನಿನಲ್ಲಿಯೂ ವೈದ್ಯಕೀಯದಲ್ಲಿಯೂ ಬೇರೂರಿದೆ. ಮೊದಲನೆಯದಕ್ಕೆ ಕಾರ್ಖಾನೆಗಳ ಇಲಾಖೆ ಇದೆ, ತಪಾಸಣಾಧಿಕಾರಿಗಳಿದ್ದಾರೆ, ಅನುಸೂಚಿಗಳಿವೆ. ಎರಡನೆಯದಕ್ಕೆ ಹೊಣೆಗಾರರೆಂದು ಯಾರೂ ಇಲ್ಲ. ದೇಹಕ್ಕೆ ಮಾತ್ರ ಈ ವಿಂಗಡಣೆ ತಿಳಿಯದು. ವಿಷವಸ್ತು ಒಳಗೆ ಸೇರಲು ಉಸಿರು, ಬಾಯಿ, ಚರ್ಮ ಎಂಬ ಮೂರು ದಾರಿಗಳಿದ್ದು, ಅದು ಯಂತ್ರದ ಮುಂದೆ ನಿಂತಾಗ ಸೇರಿತೋ ಊಟಕ್ಕೆ ಕುಳಿತಾಗ ಸೇರಿತೋ ಎಂಬುದರಿಂದ ಅದರ ಪರಿಣಾಮದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಹಗಲು ಶೆಡ್ಡಿನಲ್ಲಿ ದುಡಿಯುವವನ ಶ್ವಾಸಕೋಶಕ್ಕೆ ಇಳಿದ ದೂಳೇ ಸಂಜೆ ಅವನ ಅಂಗಿಯ ಜೊತೆ ಮನೆಗೆ ಬಂದು, ನೆಲದ ಮೇಲೆ ಉದುರಿ, ಅಲ್ಲಿ ಅಂಬೆಗಾಲಿಡುವ ಮಗುವಿನ ಬಾಯಿ ಸೇರುವುದುಂಟು. ಮನೆಯೇ ಕೆಲಸದ ಜಾಗವಾಗಿರುವ ಲಕ್ಷಾಂತರ ಕುಟುಂಬಗಳಲ್ಲಂತೂ ಆ ಅಷ್ಟು ದೂರವನ್ನೂ ವಿಷ ಕ್ರಮಿಸಬೇಕಾಗಿಲ್ಲ.

ಈ ಮಾತಿಗೆ ಸೀಸದಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದಿಲ್ಲ. ಸೀಸವು ಮೆತ್ತಗಿನ, ಭಾರವಾದ, 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗಿಬಿಡುವ ಲೋಹ. ಕಬ್ಬಿಣವನ್ನು ಕರಗಿಸಲು ಕುಲುಮೆ ಬೇಕು, ಸೀಸಕ್ಕೆ ಇದ್ದಿಲ ಬೆಂಕಿಯ ಮೇಲಿಟ್ಟ ಬಾಣಲೆ ಸಾಕು. ಜಗತ್ತಿನಲ್ಲಿ ಇಂದು ಬಳಕೆಯಾಗುವ ಸೀಸದ ಬಹುಪಾಲು ಹೋಗುವುದು ವಾಹನ ಮತ್ತು ಇನ್ವರ್ಟರ್‌ಗಳ ಬ್ಯಾಟರಿಗೆ. ಬ್ಯಾಟರಿ ಸತ್ತ ಮೇಲೆ ಅದರೊಳಗಿನ ಸೀಸಕ್ಕೆ ಬೆಲೆ ಇದ್ದೇ ಇರುವುದರಿಂದ ಅದು ಗುಜರಿಯ ದಾರಿ ಹಿಡಿಯುತ್ತದೆ. ಪರವಾನಗಿ ಪಡೆದ ದೊಡ್ಡ ಘಟಕಗಳಲ್ಲಿ ಮುಚ್ಚಿದ ಯಂತ್ರ, ಹೊಗೆ ಸೋಸುವ ಚೀಲ, ಆಮ್ಲವನ್ನು ತಟಸ್ಥಗೊಳಿಸುವ ತೊಟ್ಟಿ ಇವೆಲ್ಲ ಇರುತ್ತವೆ. ಊರಂಚಿನ ಶೆಡ್ಡಿನಲ್ಲಿ ನಡೆಯುವ ಕೆಲಸವೇ ಬೇರೆ: ಪ್ಲಾಸ್ಟಿಕ್ ಡಬ್ಬವನ್ನು ಸುತ್ತಿಗೆಯಿಂದ ಒಡೆದು, ಗಂಧಕಾಮ್ಲವನ್ನು ಪಕ್ಕದ ಮಣ್ಣಿಗೆ ಸುರಿದು, ಪ್ಲೇಟುಗಳನ್ನು ಬರಿಗೈಯಲ್ಲಿ ಕಿತ್ತು, ಅವುಗಳಿಗೆ ಅಂಟಿದ ಬೂದುಬಣ್ಣದ ಪುಡಿಯನ್ನು ಕೆರೆದು, ಎಲ್ಲವನ್ನೂ ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯಲಾಗುತ್ತದೆ. ಕರಗಿದ ಸೀಸದಿಂದ ಏಳುವ ಹೊಗೆ ಗಾಳಿಯಲ್ಲಿ ಅತಿ ಸೂಕ್ಷ್ಮ ಕಣಗಳಾಗಿ ಹರಡಿ, ಕೆಲಸಗಾರನ ತಲೆಗೂದಲು, ಕಾಲರು, ತೋಳಿನ ಮಡಿಕೆ, ಉಗುರಿನ ಸಂದು, ಊಟದ ಡಬ್ಬಿಯ ಮುಚ್ಚಳದ ಮೇಲೆ ಕೂರುತ್ತದೆ. ಬಣ್ಣವಾಗಲೀ ವಾಸನೆಯಾಗಲೀ ಎದ್ದು ಕಾಣದ ಆ ಪುಡಿಯನ್ನು ಕೊಡವಿದರೂ ಅದು ಹೋಗುವುದಿಲ್ಲ. ಕೊಡವಿದಷ್ಟೂ ಮತ್ತೆ ಗಾಳಿಗೆ ಏರುತ್ತದೆ.

ದೇಹದೊಳಗೆ ಸೇರಿದ ಸೀಸ ಸುಣ್ಣದ ಅಂಶವಾದ ಕ್ಯಾಲ್ಸಿಯಂನಂತೆ ವರ್ತಿಸುತ್ತದೆ ಎಂಬುದೇ ಅದರ ಅಪಾಯದ ಮೂಲ. ಕ್ಯಾಲ್ಸಿಯಂಗಾಗಿ ತೆರೆದಿರುವ ಬಾಗಿಲುಗಳ ಮೂಲಕವೇ ಅದು ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮೆದುಳಿಗೂ ಮೂಳೆಗೂ ಹೋಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕಾದರೆ ಮೂಳೆಯಲ್ಲಿ ದಶಕಗಳೇ ಬೇಕು. ವಯಸ್ಕರ ದೇಹದಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಮೂಳೆಯಲ್ಲೇ ಇರುತ್ತದೆ. ಬಸುರಿನಲ್ಲಿ ಶಿಶುವಿನ ಬೆಳವಣಿಗೆಗಾಗಿ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ಹೊರಬರುವಾಗ ಹಳೆಯ ಸೀಸವೂ ಜೊತೆಗೆ ಹೊರಟು, ಮಾಸನ್ನು ದಾಟಿ ಭ್ರೂಣವನ್ನು ಮುಟ್ಟುತ್ತದೆ. ಹೀಗಾಗಿ ಹೆಣ್ಣುಮಗಳು ಬಾಲ್ಯದಲ್ಲಿ ಉಂಡ ವಿಷ ಮುಂದಿನ ತಲೆಮಾರಿಗೂ ಹೋಗಬಲ್ಲದು. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಕರುಳು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ವಯಸ್ಕರಲ್ಲಿ ವಿಷ ಏರಿದಾಗ ಹೊಟ್ಟೆನುಲಿತ, ವಸಡಿನ ಅಂಚಿನಲ್ಲಿ ನೀಲಿ ಗೆರೆ, ಮಣಿಕಟ್ಟು ಸೋತು ಕೈ ಜೋತುಬೀಳುವುದು ಮುಂತಾದ ಚಿಹ್ನೆಗಳು ಕಾಣಿಸುತ್ತವೆ. ಕಡಿಮೆ ಪ್ರಮಾಣದಲ್ಲಿದ್ದಾಗ ಯಾವ ಚಿಹ್ನೆಯೂ ಇಲ್ಲದೆಯೇ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಸವೆಯುತ್ತದೆ. ಮಗುವಿನಲ್ಲಿ ಕುಂದುವುದು ಬುದ್ಧಿಶಕ್ತಿ ಮತ್ತು ಏಕಾಗ್ರತೆ. ಈ ನಷ್ಟ ಮತ್ತೆ ತುಂಬಿಬರುವುದಿಲ್ಲ. ಅದು ಮಗುವಿನ ಸ್ವಭಾವವೆಂದೋ ಓದಿನಲ್ಲಿ ಮಂದವೆಂದೋ ಮನೆಯಲ್ಲಿ, ಶಾಲೆಯಲ್ಲಿ ತಪ್ಪಾಗಿ ಗುರುತಿಸಲ್ಪಡುತ್ತದೆ ಎಂಬುದು ಇದರ ಅತ್ಯಂತ ಕ್ರೂರವಾದ ಮುಖ.

ಇದಕ್ಕೆ ಸೇರಿಕೊಂಡಿರುವ ಇನ್ನೊಂದು ತೊಡಕು ರಕ್ತಹೀನತೆಯದು. ರಕ್ತಕ್ಕೆ ಕೆಂಪು ಬಣ್ಣವನ್ನೂ ಆಮ್ಲಜನಕವನ್ನು ಹೊರುವ ಶಕ್ತಿಯನ್ನೂ ಕೊಡುವ ಹೀಮ್ ಎಂಬ ಘಟಕವನ್ನು ದೇಹ ತಯಾರಿಸುವ ಕ್ರಿಯೆಯನ್ನೇ ಸೀಸ ತಡೆಯುವುದರಿಂದ, ಸೀಸದ ವಿಷವಿರುವ ಮಗು ಬಿಳಿಚಿಕೊಂಡು ಸುಸ್ತಾಗಿ ಕಾಣುತ್ತದೆ. ಕಬ್ಬಿಣಾಂಶ ಕಡಿಮೆ ಇರುವ ಕರುಳು ಸೀಸವನ್ನು ಇನ್ನಷ್ಟು ಹೀರುವುದರಿಂದ, ಬಡತನದ ಹಸಿವೂ ಬಡವರ ಕಸುಬಿನ ವಿಷವೂ ಒಂದನ್ನೊಂದು ಬೆಳೆಸುತ್ತವೆ. ರಕ್ತಹೀನತೆ ಮನೆಮಾತಾಗಿರುವ ನಾಡಿನಲ್ಲಿ ಅಂಥ ಮಗುವಿಗೆ ಕಬ್ಬಿಣದ ಸಿರಪ್ಪು ಕೊಟ್ಟು ಕಳುಹಿಸುವುದು ಸಹಜ. ಸಿರಪ್ಪಿನಿಂದ ಒಂದಿಷ್ಟು ಉಪಯೋಗವೂ ಉಂಟು, ಆದರೆ ಕಾರಣ ಮಾತ್ರ ಮನೆಯಲ್ಲೇ ಉಳಿಯುತ್ತದೆ.

ಎಷ್ಟು ಸೀಸವನ್ನು ಅಪಾಯವೆಂದು ಎಣಿಸಬೇಕು ಎಂಬ ತಿಳಿವಳಿಕೆ ಅರ್ಧ ಶತಮಾನದಲ್ಲಿ ಬದಲಾದ ಬಗೆ ಗಮನಿಸತಕ್ಕದ್ದು. ಅಮೆರಿಕದಲ್ಲಿ 1960ರ ದಶಕದಲ್ಲಿ ಮಕ್ಕಳ ಒಂದು ಡೆಸಿಲೀಟರ್ ರಕ್ತಕ್ಕೆ, ಅಂದರೆ 100 ಮಿಲಿಲೀಟರಿಗೆ, 60 ಮೈಕ್ರೋಗ್ರಾಂ ಮೀರಿದರೆ ಮಾತ್ರ ಚಿಂತೆ ಎನ್ನಲಾಗುತ್ತಿತ್ತು. ಆ ಸಂಖ್ಯೆ 1991ರಲ್ಲಿ 10ಕ್ಕೂ 2012ರಲ್ಲಿ 5ಕ್ಕೂ 2021ರಲ್ಲಿ 3.5ಕ್ಕೂ ಇಳಿಯಿತು. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ನಿಲುವು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಂದು ಮಗುವಿನ, ಎಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ. ಅವರಲ್ಲಿ ಅತಿ ಹೆಚ್ಚು ಮಕ್ಕಳಿರುವುದು ಭಾರತದಲ್ಲಿ.

ಭಾರತದಲ್ಲಿ ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. ಅಲ್ಲಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ಸೀಸದ ವಿಷವನ್ನು ಅಳೆಯುವ, ಅದರ ಮೂಲವನ್ನು ಹುಡುಕುವ ರಾಷ್ಟ್ರೀಯ ಕೇಂದ್ರವೊಂದು ರೂಪುಗೊಂಡದ್ದು ಇದೇ ಊರಿನಲ್ಲಿ. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ಅದನ್ನು ಕೈಬಿಟ್ಟಿತು. ಇಂಜಿನ್ ಸದ್ದು ಮಾಡದಿರಲೆಂದು ಬೆರೆಸುತ್ತಿದ್ದ ಒಂದು ವಸ್ತುವನ್ನು ತೊಡೆದುಹಾಕಲು ಇಷ್ಟು ಕಾಲ ಹಿಡಿಯಿತೆಂಬುದು ದುಃಖದ ಸಂಗತಿಯಾದರೂ, ಪೆಟ್ರೋಲಿನ ವಿಷಯದಲ್ಲಿ ಸುಧಾರಣೆ ಸುಲಭವಾಗಿತ್ತು ಎನ್ನಬೇಕು. ಅಲ್ಲಿ ಮೂಲ ಕೆಲವೇ ತೈಲ ಶುದ್ಧೀಕರಣಾಗಾರಗಳಲ್ಲಿತ್ತು. ಉಳಿದ ಮೂಲಗಳು ಸಾವಿರಾರು ಶೆಡ್ಡು, ಅಂಗಡಿ, ಅಡುಗೆಮನೆಗಳಲ್ಲಿ ಚದುರಿಹೋಗಿವೆ.

ಅವುಗಳಲ್ಲಿ ಗೋಡೆಯ ಬಣ್ಣ ಒಂದು. ಮನೆ ಮತ್ತು ಅಲಂಕಾರಕ್ಕೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಕೂಡದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕೈಗಾರಿಕಾ ಬಳಕೆಯ ಬಣ್ಣಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಈ ನಿಯಮಕ್ಕೂ ಮೊದಲು ಬಳಿದ ಹಳದಿ, ಕೆಂಪು, ಹಸಿರು ಎನಾಮೆಲ್ ಬಣ್ಣ ಹಳೆಯ ಮನೆಗಳ ಬಾಗಿಲು, ಕಿಟಕಿ ಸರಳು, ತೊಟ್ಟಿಲುಗಳ ಮೇಲೆ ಇನ್ನೂ ಇದೆ. ಹಬ್ಬಕ್ಕೋ ಮದುವೆಗೋ ಮನೆಗೆ ಹೊಸ ಬಣ್ಣ ಹೊಡೆಸುವಾಗ ಹಳೆಯದನ್ನು ಮರಳುಕಾಗದದಿಂದ ಒಣಗಿದ್ದಂತೆಯೇ ಉಜ್ಜುವುದು ಪೇಂಟರಿಗೂ ಮನೆಯ ಮಕ್ಕಳಿಗೂ ಒಟ್ಟಿಗೇ ಅಪಾಯ ತರುವ ಕೆಲಸ. ಮೇಲ್ಮೈಯನ್ನು ನೀರಿನಿಂದ ತೇವ ಮಾಡಿಕೊಂಡು ಉಜ್ಜಿ, ದೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ತವರದ ಜೊತೆ ಸೀಸ ಬೆರೆಸಿದ ಕಲಾಯಿ, ಸೀಸದ ಕೆಂಪು ಆಕ್ಸೈಡಿನಿಂದ ಮಾಡಿದ ಸಿಂಧೂರ, ಕೆಲವು ಬಗೆಯ ಕಣ್ಣಿನ ಸುರ್ಮಾ ಇವೂ ಇದೇ ಸಾಲಿಗೆ ಸೇರುತ್ತವೆ. ಅಮೆರಿಕದ ಆರೋಗ್ಯ ಅಧಿಕಾರಿಗಳು ಭಾರತೀಯ ಕುಟುಂಬಗಳಿಗೆ ಸಿಂಧೂರದ ಬಗ್ಗೆ ಎಚ್ಚರಿಕೆ ಕೊಟ್ಟಿರುವುದರಿಂದ ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ದೂರದ ಮಾತಲ್ಲ. ಅರಿಸಿನದ ಕೊಂಬಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಸವರುವ ಕಲಬೆರಕೆಯ ವಿಷಯದಲ್ಲಿ ಬಾಂಗ್ಲಾದೇಶ ತೋರಿಸಿಕೊಟ್ಟದ್ದು ಮಾತ್ರ ಭರವಸೆಯ ಸಂಗತಿ. ಅಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. ಸಂಶೋಧಕರು ಮೂಲವನ್ನು ಗುರುತಿಸಿ, ಆಹಾರ ಸುರಕ್ಷತಾ ಪ್ರಾಧಿಕಾರವು ವ್ಯಾಪಾರಿಗಳಿಗೆ ಎಚ್ಚರಿಕೆ ನೀಡಿ, ಸಗಟು ಮಾರುಕಟ್ಟೆಯಲ್ಲೇ ಎಕ್ಸ್-ರೇ ಉಪಕರಣದಿಂದ ಪರೀಕ್ಷಿಸಿ ದಂಡ ವಿಧಿಸಿದ ಮೇಲೆ 2021ರ ಹೊತ್ತಿಗೆ ಅಂಥ ಮಾದರಿ ಒಂದೂ ಸಿಗಲಿಲ್ಲ. ಮನೆಮನೆಗೆ ಹೋಗಿ ತಿಳಿಹೇಳುವುದಕ್ಕಿಂತ ಮೂಲವನ್ನು ಹಿಡಿಯುವುದು ಎಷ್ಟು ಬೇಗ ಫಲ ಕೊಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಕೆಲಸಗಾರರ ರಕ್ಷಣೆಗೆ ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯಿದೆಯ ಅನುಸೂಚಿಯಲ್ಲಿ ಸೀಸದ ವಿಷ ಅಧಿಸೂಚಿತ ಕಾಯಿಲೆ, ಅಂದರೆ ವೈದ್ಯರು ಕಂಡ ಕೂಡಲೇ ಸರಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಾಗಿತ್ತು. ಭೋಪಾಲ ದುರಂತದ ನಂತರ 1987ರಲ್ಲಿ ಆದ ತಿದ್ದುಪಡಿಯಂತೆ, ಕೆಲಸದಲ್ಲಿರುವ ಅಪಾಯಗಳೇನೆಂದು ಮಾಲೀಕ ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕಾಗಿತ್ತು. ಆದರೆ ಕಾಯಿದೆ ಕಾರ್ಖಾನೆಯೆಂದು ಕರೆದದ್ದು ವಿದ್ಯುತ್ ಬಳಸಿ 10 ಮಂದಿಯೋ ವಿದ್ಯುತ್ ಇಲ್ಲದೆ 20 ಮಂದಿಯೋ ದುಡಿಯುವ ಜಾಗವನ್ನು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ಬ್ಯಾಟರಿ ಒಡೆಯುವ ಶೆಡ್ಡಿನಲ್ಲಿ ಸಾಮಾನ್ಯವಾಗಿ ಇರುವವರು ನಾಲ್ಕೈದು ಮಂದಿ. ಅಪಾಯಕಾರಿ ಕೆಲಸಗಳಿಗೆ ಸಂಖ್ಯೆಯ ಮಿತಿಯನ್ನು ಸಡಿಲಿಸುವ ಅಧಿಕಾರ ಸರಕಾರಕ್ಕೆ ಇದೆಯಾದರೂ, ಮೂಲ ಅಳತೆಗೋಲೇ ತಲೆಗಳ ಎಣಿಕೆಯಾಗಿರುವಾಗ, ಅತಿ ಸಣ್ಣದಾದ ಮತ್ತು ಆ ಕಾರಣಕ್ಕೇ ಅತಿ ಅಪಾಯಕರವಾದ ಜಾಗ ತಪಾಸಣೆಯಿಂದ ಹೊರಗುಳಿಯುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಕಡ್ಡಾಯವೆನಿಸಿದ ಮೂರು ಸಂಗತಿಗಳು, ಅಂದರೆ ಕೆಲಸದ ಬಟ್ಟೆಯನ್ನು ಅಲ್ಲೇ ಬಿಟ್ಟುಬರುವ ಕೋಣೆ, ಸ್ನಾನದ ಅನುಕೂಲ, ದೂಳಿನಿಂದ ದೂರವಾದ ಊಟದ ಜಾಗ, ಇವಿಷ್ಟು ಶೆಡ್ಡಿನಲ್ಲಿದ್ದರೆ ಮನೆ ಸೇರುವ ವಿಷದ ಬಹುಭಾಗ ಅಲ್ಲಿಯೇ ನಿಲ್ಲುತ್ತಿತ್ತು.

ಮನೆಯೊಳಗಿನ ಕೆಲಸವನ್ನು ಕಾನೂನು ಮುಟ್ಟಲಾರದು ಎಂಬ ಮಾತೂ ಸರಿಯಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಪರಿಗಣಿಸಿತು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಕತ್ತರಿಸಿದ ಎಲೆಯನ್ನೂ ಹೊಗೆಸೊಪ್ಪಿನ ಪುಡಿಯನ್ನೂ ತುಂಬಿದ ಮೊರವನ್ನು ಮಡಿಲಲ್ಲಿಟ್ಟುಕೊಂಡು, ಅದೇ ಮಡಿಲಿನ ಪಕ್ಕ ಮಗುವನ್ನು ಮಲಗಿಸಿಕೊಂಡು ಕೆಲಸ ಮಾಡಿದ್ದಾರೆ; ಭವಿಷ್ಯನಿಧಿ, ಗುರುತುಚೀಟಿಗಳು ಅವರಿಗೆ ದಕ್ಕಿದ್ದು ಮುಂದೆ ಬಂದ ಕಾನೂನುಕ್ರಮಗಳಿಂದ ಮತ್ತು ಅವುಗಳಿಗಾಗಿ ನಡೆದ ಹೋರಾಟಗಳಿಂದ. ಮೊರದಿಂದ ಏಳುವ ದೂಳಿನ ಬಗ್ಗೆ ಮಾತ್ರ ಅಷ್ಟು ಗಮನ ಹರಿಯಲಿಲ್ಲ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಸೇದಿದರೆ ಮಾತ್ರವಲ್ಲ, ಮುಟ್ಟಿದರೂ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ಹೊಗೆಸೊಪ್ಪಿನ ಹೊಲಗಳಲ್ಲಿ ಇಬ್ಬನಿಯಿಂದ ಒದ್ದೆಯಾದ ಎಲೆಯನ್ನು ಮುರಿಯುವಾಗ ನೀರಿನಲ್ಲಿ ಕರಗಿದ ನಿಕೋಟಿನ್ ಮೈಗೆ ಇಳಿದು, ಕೆಲವು ಗಂಟೆಗಳಲ್ಲಿ ತಲೆಸುತ್ತು, ವಾಂತಿ ಬರುತ್ತವೆ. ಬಿಸಿಲಿನ ಪಿತ್ತವೆಂದು ಇದನ್ನು ತಳ್ಳಿಹಾಕುವವರೇ ಹೆಚ್ಚು.

ಚರ್ಮದ ದಾರಿಯನ್ನು ಕಡೆಗಣಿಸುವುದರಿಂದ ಆಗುವ ಹಾನಿ ಕೀಟನಾಶಕಗಳಲ್ಲಿ ಇನ್ನೂ ದೊಡ್ಡದು. ಬೆನ್ನಿಗೆ ಕಟ್ಟಿಕೊಂಡ ಸ್ಪ್ರೇಯರಿನ ಡಬ್ಬ ಸೋರಿ ಅಂಗಿ ನೆನೆದರೆ, ಆ ಅಂಗಿ ಮೈಮೇಲಿರುವಷ್ಟು ಹೊತ್ತೂ ವಿಷ ಒಳಗಿಳಿಯುತ್ತಲೇ ಇರುತ್ತದೆ. ಆರ್ಗನೋಫಾಸ್ಫೇಟ್ ಎಂಬ ವರ್ಗದ ಕೀಟನಾಶಕಗಳು ನರಗಳ ಸಂದೇಶವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಬೆವರು, ಜೊಲ್ಲು, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರಾಟದ ಕಷ್ಟ ಒಂದರ ಹಿಂದೊಂದು ಬರುತ್ತವೆ. ಡಬ್ಬದ ಮೇಲಿನ ಬಣ್ಣದ ತ್ರಿಕೋನ ವಿಷದ ತೀವ್ರತೆಯನ್ನು ಹೇಳುತ್ತದೆ: ಕೆಂಪು ಅತಿ ತೀವ್ರ, ನಂತರ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ತಿಳಿಯಲೆಂದೇ ಇಟ್ಟ ಈ ಗುರುತನ್ನು ವಿವರಿಸಿ ಹೇಳುವ ಮಾರಾಟಗಾರರು ಅಪರೂಪ. ಸಿಂಪಡಿಸಿದವನ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುವುದೂ, ಖಾಲಿ ಡಬ್ಬವನ್ನು ತೊಳೆದು ನೀರಿಗೋ ಎಣ್ಣೆಗೋ ಇಟ್ಟುಕೊಳ್ಳುವುದೂ ವಿಷವನ್ನು ಹೊಲದಿಂದ ಒಳಮನೆಗೆ ತರುವ ದಾರಿಗಳು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಪುಗಳ ಸುತ್ತ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟು 2011ರ ಮೇ ತಿಂಗಳಿನಲ್ಲಿ ತಡೆ ಹಾಕಿತು. ಅಲ್ಲಿ ತೋಪಿನಲ್ಲಿ ದುಡಿದವರು ಮಾತ್ರವಲ್ಲ, ಪಕ್ಕದಲ್ಲಿ ಮನೆ ಇದ್ದವರೂ ಆ ವಿಷದ ಪಾಲುದಾರರಾಗಿದ್ದರು.

ಕೆಲವು ವಿಷಗಳಿಗೆ ಕಾಲಾವಕಾಶವೇ ಬೇಕಿಲ್ಲ. ಬಚ್ಚಲಿನ ಒಳಗೇ ಅಳವಡಿಸಿದ ಗ್ಯಾಸ್ ಗೀಸರ್, ಕಿಟಕಿ ಮುಚ್ಚಿದ್ದರೆ, ಅಲ್ಲಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತ ಬಂದು, ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ಗಾಳಿ ಹುಟ್ಟುತ್ತದೆ. ರಕ್ತದ ಹೀಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಸ್ನಾನಕ್ಕೆ ಹೋದವರು ಕೆಲವೇ ನಿಮಿಷಗಳಲ್ಲಿ ಕೂಗಲೂ ಆಗದೆ ಕುಸಿಯುತ್ತಾರೆ. ಬದುಕುಳಿದವರನ್ನು ಮೂರ್ಛೆರೋಗಿಗಳೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗಿಸಿದ ಪ್ರಸಂಗಗಳಿರುವುದರಿಂದಲೇ ಭಾರತದ ನರರೋಗ ತಜ್ಞರು ಇದನ್ನು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿಟ್ಟು ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತಂದರೆ ಈ ಸಾವುಗಳು ಸಂಭವಿಸುವುದಿಲ್ಲ. ಷಟರ್ ಎಳೆದ ಅಂಗಡಿಯೊಳಗೆ ಜನರೇಟರ್ ಓಡಿಸುವವರನ್ನೂ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗುವ ಕಾವಲುಗಾರರನ್ನೂ ಕೊಲ್ಲುವುದು ಇದೇ ಗಾಳಿ.

ವಿಷ ಎದುರು ದಿಕ್ಕಿನಲ್ಲಿಯೂ ಹೊಸ್ತಿಲು ದಾಟುತ್ತದೆ. ಮನೆಯ ಅಂದಕ್ಕಾಗಿ ಬಯಸಿದ್ದು ಅದನ್ನು ತಯಾರಿಸುವವನನ್ನು ಕೊಲ್ಲುವುದುಂಟು. ನಗರದ ಹೊಸ ಫ್ಲ್ಯಾಟುಗಳ ಅಡುಗೆಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಸ್ ಹಲಗೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಸಿಲಿಕಾ ಇರಬಹುದು, ಗ್ರಾನೈಟಿನಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟು. ಹಲಗೆಯನ್ನು ಒಣಗಿದ್ದಂತೆಯೇ ಕೊಯ್ಯುವಾಗ ಏಳುವ ಸೂಕ್ಷ್ಮ ದೂಳು ಶ್ವಾಸಕೋಶದಲ್ಲಿ ಗಾಯದ ಗಂಟುಗಳನ್ನು ಕಟ್ಟಿ, ಮದ್ದಿಲ್ಲದ ಸಿಲಿಕೋಸಿಸ್ ಎಂಬ ಕಾಯಿಲೆಯನ್ನು ತರುತ್ತದೆ. ಈ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಹಲಗೆಯನ್ನೇ ನಿಷೇಧಿಸಿತು. ಸಿಲಿಕೋಸಿಸ್ ಕರ್ನಾಟಕಕ್ಕೆ ಹೊಸದಲ್ಲ. ಚಿನ್ನವನ್ನು ಹೊತ್ತ ಕ್ವಾರ್ಟ್ಸ್ ಬಂಡೆಯನ್ನು ಕೊರೆದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚುವವರೆಗೂ ಹಲವು ತಲೆಮಾರುಗಳ ಶ್ವಾಸಕೋಶವನ್ನು ತಿಂದವು. ಇಷ್ಟು ಹಳೆಯ ಅನುಭವವಿರುವ ರಾಜ್ಯದಲ್ಲಿ ಕಲ್ಲು ಕೊಯ್ಯುವ ಯಂತ್ರಕ್ಕೆ ನೀರಿನ ಧಾರೆ ಬಿಡುವುದು ಇನ್ನೂ ಕೆಲಸಗಾರನ ಮರ್ಜಿಗೆ ಬಿಟ್ಟ ಸಂಗತಿಯಂತಿರುವುದು ಕ್ಷಮಿಸಲಾಗದ ಲೋಪ. ಒಬ್ಬರ ಮನೆ ಇನ್ನೊಬ್ಬರ ಕೆಲಸದ ಜಾಗವೂ ಆಗಿರುತ್ತದೆ ಎಂಬುದನ್ನು ಸಹ ಇಲ್ಲಿಯೇ ನೆನೆಯಬೇಕು: ಕೆಲಸದಾಕೆ ಬಚ್ಚಲು ತೊಳೆಯಲು ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಸುರಿದರೆ ಹುಟ್ಟುವ ಕ್ಲೋರಿನ್ ಅನಿಲದ ಬಗ್ಗೆ ಆಕೆಗೆ ಯಾರೂ ಹೇಳಿರುವುದಿಲ್ಲ.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ, ರೋಗಿಗೆ ವೈದ್ಯರು ಕೇಳುವ ಪ್ರಶ್ನೆಗಳ ಜೊತೆಗೆ ಕಸುಬು ಯಾವುದು ಎಂಬ ಪ್ರಶ್ನೆಯನ್ನೂ ಸೇರಿಸಬೇಕೆಂದು ಹೇಳಿದ. ಮೂರು ಶತಮಾನಗಳ ನಂತರವೂ ಹೊರರೋಗಿ ವಿಭಾಗದ ಚೀಟಿಯಲ್ಲಿ ಅದಕ್ಕೆ ಜಾಗವಿರುವುದು ಅಪರೂಪ. ಇದ್ದರೂ ಹೆಂಗಸಿನ ಮುಂದೆ ಗೃಹಿಣಿ ಎಂದೂ ಮಗುವಿನ ಮುಂದೆ ಏನೂ ಇಲ್ಲದೆಯೂ ಅದು ಮುಗಿಯುತ್ತದೆ. ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಕೆಲಸದ ಬಟ್ಟೆಯನ್ನು ಎಲ್ಲಿ ಒಗೆಯುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಮಗುವಿನ ವಿಷಯದಲ್ಲಿಯೂ ಕೇಳಿದ್ದೇ ಆದರೆ ಅನೇಕ ರೋಗಗಳ ಮೂಲ ಅಲ್ಲಿಯೇ ಹೊರಬೀಳುತ್ತದೆ. ರಕ್ತದಿಂದ ಸೀಸವನ್ನು ಕಟ್ಟಿ ಹೊರತೆಗೆಯುವ ಔಷಧಗಳು ಇವೆಯಾದರೂ, ಚಿಕಿತ್ಸೆ ಮುಗಿಸಿದ ಮಗು ಅದೇ ದೂಳಿನ ಮನೆಗೆ ಮರಳಿದರೆ ಅವು ವ್ಯರ್ಥ. ಆದ್ದರಿಂದ ಒಂದು ಮಗುವಿನಲ್ಲಿ ವಿಷ ಕಂಡರೆ ಒಡಹುಟ್ಟಿದವರನ್ನೂ ತಂದೆತಾಯಿಯನ್ನೂ ಪರೀಕ್ಷಿಸಿ ಮೂಲವನ್ನು ಹುಡುಕುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ರಕ್ತಹೀನತೆಗೆ ಆಹಾರದ ಕೊರತೆಯಲ್ಲದೆ ಬೇರೆ ಕಾರಣಗಳೂ ಇವೆಯೆಂದು ಒಪ್ಪಿ, ಮಲೇರಿಯಾ, ಫ್ಲೋರೋಸಿಸ್, ಹೀಮೋಗ್ಲೋಬಿನ್‌ನ ಆನುವಂಶಿಕ ದೋಷಗಳನ್ನು ಹೆಸರಿಸಿ ಸೇರಿಸಿಕೊಂಡಿದೆ. ಆ ಸಾಲಿನಲ್ಲಿ ಸೀಸವಿಲ್ಲ. ಬ್ಯಾಟರಿ ಶೆಡ್ಡುಗಳಿರುವ ಬಡಾವಣೆಗಳಲ್ಲಾದರೂ, ಕಬ್ಬಿಣದ ಸಿರಪ್ಪಿನಿಂದ ಚೇತರಿಸದ ಮಕ್ಕಳ ಒಂದೆರಡು ಮಿಲಿಲೀಟರ್ ರಕ್ತವನ್ನು ಸೀಸದ ಪರೀಕ್ಷೆಗೆ ಕಳುಹಿಸಲು ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.